ಪ್ಯಾಕೇಜಿನ ಹೊಣೆಗಾರರು ಯಾರು? – ಓಪನ್ ಬಿಲ್ಡ್ ಸರ್ವಿಸ್ ದಾಖಲೆಗಳ ಒಂದು ಪರಿಶೀಲನೆ

ಗ್ರಂಥವೊಂದರ ಕರ್ತೃವಿನ ಹೆಸರು ಉಳಿಯುವಷ್ಟು ಸುಲಭವಾಗಿ, ಅದನ್ನು ಪ್ರತಿಮಾಡಿ ತಿದ್ದಿ ಕಾಪಾಡಿದವರ ಹೆಸರು ಉಳಿಯುವುದಿಲ್ಲ. ನಮ್ಮ ಕಾಲದ ತಂತ್ರಾಂಶಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಲಿನಕ್ಸ್ ವಿತರಣೆಗಳಲ್ಲಿ ತಂತ್ರಾಂಶವು ಪ್ಯಾಕೇಜುಗಳ ರೂಪದಲ್ಲಿ ಜನರನ್ನು ತಲುಪುತ್ತದೆ. ಮೂಲವನ್ನು ರಚಿಸಿದವರು ಒಬ್ಬರಾದರೆ, ಪ್ಯಾಕೇಜನ್ನು ಸಿದ್ಧಗೊಳಿಸಿ ದೋಷಗಳನ್ನು ತಿದ್ದುವವರು ಸಾಮಾನ್ಯವಾಗಿ ಬೇರೊಬ್ಬರು. ಇವರಿಗೇ ಮೆಂಟೇನರ್ ಎಂದು ಹೆಸರು.

1993ರಲ್ಲಿ ಆರಂಭವಾದ ಡೆಬಿಯನ್ ವಿತರಣೆಯಲ್ಲಿ ಮೆಂಟೇನರನ ಹೆಸರು ಪ್ಯಾಕೇಜಿನೊಳಗೇ ನಮೂದಾಗಿರುತ್ತದೆ. ಓಪನ್‌ಸೂಸೆ ಯೋಜನೆ 2005ರಲ್ಲಿ ಹುಟ್ಟಿತು; ಮರುವರ್ಷ ಅದರ ಬಿಲ್ಡ್ ಸರ್ವಿಸ್ ಪ್ರಕಟವಾಯಿತು. ಇದೇ ಮುಂದೆ ಓಪನ್ ಬಿಲ್ಡ್ ಸರ್ವಿಸ್ ಎನಿಸಿತು. ಇಲ್ಲಿ ಹೊಣೆಗಾರಿಕೆಯ ದಾಖಲೆಯನ್ನು ಪ್ಯಾಕೇಜಿನ ಹೊರಗೆ, 'ಮೆಟಾ' ಎಂಬ ಕಡತದಲ್ಲಿ ಇಡುತ್ತಾರೆ. ವೆಬ್ ಎಪಿಐ ಮೂಲಕ ಕೇಳಿದರೆ ಅದು ಎಕ್ಸ್‌ಎಂಎಲ್ ರೂಪದಲ್ಲಿ ದೊರೆಯುತ್ತದೆ. ತಿದ್ದುವ ಅಧಿಕಾರವುಳ್ಳವನು 'ಮೆಂಟೇನರ್'. ದೋಷವನ್ನು ಯಾರಿಗೆ ವರದಿಮಾಡಬೇಕೋ ಅವನು 'ಬಗ್‌ಓನರ್'.

ಆದರೆ ಮೊದಲು ಸಿಕ್ಕ ಕಡತವನ್ನೇ ನಂಬುವವರು ಎಡವುತ್ತಾರೆ. ಮುಖ್ಯ ಸಂಗ್ರಹವಾದ 'ಫ್ಯಾಕ್ಟರಿ'ಯಲ್ಲಿನ ಪ್ಯಾಕೇಜು, ತನ್ನ ಕೆಲಸ ನಡೆಯುವ ಇನ್ನೊಂದು ಯೋಜನೆಯತ್ತ ಕೈತೋರಿಸುತ್ತದೆ. ಅಲ್ಲಿಯೂ ಪ್ಯಾಕೇಜಿಗೆ ಹೆಸರು ಸೇರಿರದಿದ್ದರೆ ಇಡೀ ಯೋಜನೆಯ ಹೊಣೆಗಾರರನ್ನು ನೋಡಬೇಕು. 'ಓನರ್' ಎಂಬ ಶೋಧವು ಈ ಹಾದಿಯನ್ನು ತಾನೇ ಕ್ರಮಿಸುತ್ತದೆ.

ಇದು ಕೇವಲ ಕುತೂಹಲದ ವಿಷಯವಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅವರು, ಎಕ್ಸ್‌ಜೆಡ್ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಗುಪ್ತದ್ವಾರವೊಂದು ಅಡಗಿರುವುದನ್ನು ಬಹಿರಂಗಪಡಿಸಿದರು. ವಿತರಣೆಗಳಿಗೆ ಮುಂಚಿತವಾಗಿ ಸೂಚನೆ ಹೋಗಿದ್ದುದರಿಂದ, ಓಪನ್‌ಸೂಸೆಯ ಟಂಬಲ್‌ವೀಡ್‌ನಲ್ಲಿ 28ರಂದೇ ಹಳೆಯ ಆವೃತ್ತಿಯನ್ನು ಮರಳಿ ತಂದರು. ಯಾರನ್ನು ಎಚ್ಚರಿಸಬೇಕೆಂಬುದು ತಿಳಿದಿರುವುದರ ಬೆಲೆ ಇಲ್ಲಿ ಕಾಣುತ್ತದೆ. ಆದರೆ ಆ ದ್ವಾರವನ್ನು ಸೇರಿಸಿದ್ದುದೂ ಮೂಲ ಯೋಜನೆಯಲ್ಲಿ ಮೆಂಟೇನರ್ ಪದವಿ ಪಡೆದಿದ್ದ ಒಂದು ಹೆಸರೇ ಎಂಬುದನ್ನು ನಾವು ಮರೆಯಲಾಗದು.

ಆದುದರಿಂದ ನಮ್ಮ ಅಭಿಪ್ರಾಯವಿದು: ಮೆಟಾ ಕಡತವು ನೇಮಕದ ದಾಖಲೆ, ಕಾರ್ಯದ ದಾಖಲೆಯಲ್ಲ. ಕಾರ್ಯವನ್ನು ತಿಳಿಯಲು ಅದೇ ಎಪಿಐ ಕೊಡುವ ಪರಿಷ್ಕರಣೆಗಳ ಚರಿತ್ರೆಯನ್ನು ಓದಬೇಕು. ಫ್ಯಾಕ್ಟರಿಯ ಚರಿತ್ರೆಯಲ್ಲಿ ಕಾಣುವ ಹೆಸರು ಬದಲಾವಣೆಯನ್ನು ಅಂಗೀಕರಿಸಿದವರದು. ಅದನ್ನು ಕಳುಹಿಸಿದವರನ್ನು ಕೋರಿಕೆಯ ಸಂಖ್ಯೆಯಿಂದ ಪತ್ತೆಹಚ್ಚಬೇಕು. ಪದವಿಯನ್ನೂ ಕೆಲಸವನ್ನೂ ಬೇರೆಬೇರೆಯಾಗಿ ಓದಿ ತೂಗುವವನೇ ಈ ಹೊಸ ದಫ್ತರದಲ್ಲಿಯೂ ಸತ್ಯದ ಸಮೀಪಕ್ಕೆ ಬರಬಲ್ಲನು.