ತಕ್ಕಡಿಯಿಂದ ಇಳಿದ ಚಿತ್ರಕಥೆಗಳು

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಬಾಗಿಲಿನ ಎಡಕ್ಕೆ ತಿರುಗಿ ಗೋಡೆಯ ಗುಂಟ ನಿಧಾನವಾಗಿ ನಡೆಯಬೇಕು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ನಂತರ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಆಮೇಲೆ ಮಕರ ಮತ್ತು ಹಂಸ. ಕಥೆಯ ಪಟ್ಟಿಕೆಯಲ್ಲಿ ಒಂದು ಪ್ರಸಂಗ ಮುಗಿದು ಇನ್ನೊಂದು ಶುರುವಾಗುವುದು ನಮ್ಮ ಕಾಲು ಮುಂದಕ್ಕೆ ಸರಿದಾಗ ಮಾತ್ರ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಗುಡಿ ಇದು. ಪುಟ ತಿರುಗಿಸುವ ಬದಲು ಹೆಜ್ಜೆ ಹಾಕಿ ಓದುವ ಚಿತ್ರಕಥೆ ಎಂದರೆ ತಪ್ಪಾಗದು.

ಪ್ರತಿ ವರ್ಷದ ಕೊನೆಗೆ ಒಂದು ಭಾನುವಾರ ನಾವು ಐದು ಜನ ಈ ಊರಿನಲ್ಲಿ ಸೇರುತ್ತೇವೆ. ಎಲ್ಲರಿಗೂ ಹಳೆಯ ಚಿತ್ರಕಥೆ ಪುಸ್ತಕಗಳನ್ನು ಕೂಡಿಡುವ ಹುಚ್ಚು. ನಮ್ಮಲ್ಲೊಬ್ಬರು ಇಲ್ಲಿಯ ಕೊಬ್ಬರಿ ವ್ಯಾಪಾರಿ, ಜಾಗವೂ ಊಟವೂ ಅವರದೇ ಆದ್ದರಿಂದ ಊರು ಬದಲಾಗಿಲ್ಲ. ನಿಯಮ ಒಂದೇ: ಆ ವರ್ಷ ಕೊಂಡವುಗಳಲ್ಲಿ ತೀರಾ ಮೆಚ್ಚಿನ ಒಂದನ್ನು ಮಾತ್ರ ತರಬೇಕು, ಕೊಟ್ಟ ಬೆಲೆಯನ್ನು ಸುಳ್ಳಿಲ್ಲದೆ ಹೇಳಬೇಕು. ಎರಡನೆಯದನ್ನು ಪಾಲಿಸುವವರು ಕಡಿಮೆ. ಮನೆಯವರಿಗೆ ಹೇಳಿದ ಬೆಲೆ ಬಾಯಿಪಾಠವಾಗಿ, ನಿಜವಾದದ್ದು ಅವರಿಗೇ ಮರೆತುಹೋಗಿರುತ್ತದೆ!

ಈ ಸಲ ಮೊದಲು ಚೀಲ ಬಿಚ್ಚಿದವರು ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರು. ರಟ್ಟು ಹಾಕಿ ಬೈಂಡ್ ಮಾಡಿದ ಐವತ್ತರ ದಶಕದ ‘ಚಂದಮಾಮ’ದ ಸಂಚಿಕೆಗಳು. ಬೈಂಡ್ ಮಾಡಿದವನು ಅಂಚು ಸಮ ಮಾಡಲೆಂದು ಯಂತ್ರಕ್ಕೆ ಕೊಟ್ಟು ಚಿತ್ರಗಳ ತಲೆಯನ್ನೇ ಹಾರಿಸಿದ್ದಾನೆ. ಆದರೂ ಒಳಗಿನ ಮಹಾಭಾರತದ ಬಣ್ಣದ ಚಿತ್ರಗಳು ಉಳಿದಿವೆ. ಅವು ಎಂ.ಟಿ.ವಿ. ಆಚಾರ್ಯರವು. 1947ರಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ ಪತ್ರಿಕೆ ಆಮೇಲೆ ಕನ್ನಡಕ್ಕೂ ಬಂತು. ಅದರ ಚಿತ್ರ ನೋಡಿ ಭೀಮನ ಗದೆ ಎಷ್ಟು ದಪ್ಪ ಎಂದು ತೀರ್ಮಾನಿಸಿದ ಕನ್ನಡದ ಮಕ್ಕಳಿಗೆ, ಅದನ್ನು ಬರೆದ ಕೈಯೂ ಕನ್ನಡದ್ದೇ ಎಂದು ಗೊತ್ತಿರಲಿಲ್ಲ. ಚಂದಮಾಮ ಚಿತ್ರಕಥೆಯಲ್ಲ, ಚಿತ್ರವಿರುವ ಕಥೆ ಎಂದು ತಿಪಟೂರಿನ ಗೆಳೆಯರು ಆಕ್ಷೇಪ ಎತ್ತಿದರು. ಈ ಜಗಳ ಪ್ರತಿ ವರ್ಷ ಆಗುತ್ತದೆ.

ಕೊಬ್ಬರಿ ವ್ಯಾಪಾರಿಗಳದ್ದು ಕನ್ನಡದ ಇಂದ್ರಜಾಲ ಕಾಮಿಕ್ಸ್, ಫ್ಯಾಂಟಮ್ ಕಥೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚಿನಲ್ಲಿ ಶುರು ಮಾಡಿದ ಈ ಮಾಲೆ 1990ರವರೆಗೆ ನಡೆಯಿತು. ಇದರ ಇತಿಹಾಸದಲ್ಲಿ ನಮಗೆ ಇಷ್ಟವಾದ ಒಂದು ಚಿಕ್ಕ ಸಂಗತಿಯಿದೆ. ಮೂಲ ಕಥೆಯಲ್ಲಿ ಫ್ಯಾಂಟಮ್‌ನ ಕಾಡಿನ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು, ಅವನ ಪರಮವೈರಿಗಳಾದ ಕಡಲ್ಗಳ್ಳರ ಹೆಸರು ‘ಸಿಂಗ್’. ನಮ್ಮ ದೇಶದಲ್ಲಿ ಅಚ್ಚಾಗುವಾಗ ಕಾಡು ‘ಡೆಂಕಾಲಿ’ಯಾಯಿತು, ಕಳ್ಳರು ‘ಸಿಂಗಾ’ ಆದರು. ಯಾರ ಮನಸ್ಸೂ ನೋಯಬಾರದೆಂದು ಯಾರೋ ಒಬ್ಬ ಸಂಪಾದಕ ಒಂದಕ್ಷರ ತಿದ್ದಿದ. ಅದೇ ಮಾಲೆಗೆ 1976ರಲ್ಲಿ ಅಪ್ಪಟ ಭಾರತೀಯ ನಾಯಕನೊಬ್ಬ ಬಂದ. ಡಕಾಯಿತರ ಎದುರು ನಿಲ್ಲುವ ಬಹಾದ್ದೂರ್. ಅವನನ್ನು ಸೃಷ್ಟಿಸಿದ್ದು ಗುಜರಾತಿ ಮತ್ತು ಹಿಂದಿಯ ಲೇಖಕ ಆಬಿದ್ ಸುರ್ತಿ.

ಇನ್ನು ಅಮರ ಚಿತ್ರ ಕಥಾ. ಇದರ ವಿಚಾರ ಬಂದರೆ ಮೇಷ್ಟ್ರಿಗೆ ಊಟ ಮರೆತುಹೋಗುತ್ತದೆ.

ಎಲ್ಲರೂ ಕೇಳಿರುವ ಕಥೆ ಹೀಗಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದರು. ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಮನಸ್ಸಿಗೆ ನಾಟಿದ ಆ ಘಟನೆಯಿಂದ ಚಿತ್ರಕಥಾ ಮಾಲೆ ಹುಟ್ಟಿತು. ಕಥೆ ಚೆನ್ನಾಗಿದೆ, ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಇಂಗ್ಲಿಷ್ ಮಾಲೆಯಲ್ಲಿ ಅನಂತ ಪೈ ಬರೆದ ಮೊದಲ ಪುಸ್ತಕ ‘ಕೃಷ್ಣ’ದ ಸಂಖ್ಯೆ ಒಂದಲ್ಲ, ಹನ್ನೊಂದು. ಹಾಗಾದರೆ ಮೊದಲಿನ ಹತ್ತು ಎಲ್ಲಿ?

ಇದಕ್ಕೆ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಕೊಟ್ಟ ಉತ್ತರ ಕನ್ನಡಿಗರಿಗೇ ಸರಿಯಾಗಿ ತಲುಪಿಲ್ಲ. ಅವರು ಹೇಳಿದ್ದ ಪ್ರಕಾರ ಆ ಹತ್ತು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸ್‌ಗೆ ಸಲಹೆ ಕೊಟ್ಟವರು ಅವರೇ. ಸಿಂಡ್ರೆಲಾ, ಪಿನೋಕಿಯೋ, ಸ್ನೋ ವೈಟ್‌ನಂಥ ಹೊರನಾಡಿನ ಮಕ್ಕಳ ಕಥೆಗಳು ಕನ್ನಡದಲ್ಲಿ ಚೆನ್ನಾಗಿ ಮಾರಾಟವಾದವು. ಆ ಯಶಸ್ಸು ಕಂಡ ಮೇಲೆಯೇ ಮುಂಬಯಿಯಲ್ಲಿದ್ದ ಸಂಸ್ಥೆಯ ಮಿರ್ಚಂದಾನಿಯವರಿಗೆ ಇಂಗ್ಲಿಷಿನಲ್ಲಿ ಮುಂದುವರಿಯುವ ಧೈರ್ಯ ಬಂತು. ಕೋಟಿಗಟ್ಟಲೆ ಮಾರಾಟವಾದ ಮಾಲೆಯ ಮೊದಲ ಹೆಜ್ಜೆ ಕನ್ನಡದ್ದು. ಆ ಹತ್ತರಲ್ಲಿ ಒಂದು ಅಲ್ಲಾದೀನ್ ಮತ್ತು ದೀಪದ ಕಥೆ.

ಈ ಅಲ್ಲಾದೀನನ ಪ್ರಯಾಣವೇ ಒಂದು ಬೇರೆ ಕಥೆ. ಅರೇಬಿಯನ್ ನೈಟ್ಸಿನ ಹಳೆಯ ಹಸ್ತಪ್ರತಿಗಳಲ್ಲಿ ಅವನಿಲ್ಲ. 1709ರಲ್ಲಿ ಅಲೆಪ್ಪೋದ ಹನ್ನಾ ದಿಯಾಬ್ ಎಂಬ ಯುವಕ ಪ್ಯಾರಿಸಿನಲ್ಲಿ ಫ್ರೆಂಚ್ ವಿದ್ವಾಂಸ ಗಾಲಾನನಿಗೆ ಅದನ್ನು ಬಾಯಲ್ಲಿ ಹೇಳಿದ. ಗಾಲಾನ್ ಬರೆದುಕೊಂಡ, ಪುಸ್ತಕ ಮಾಡಿದ. ಹೇಳಿದವನ ಹೆಸರು ಪುಸ್ತಕದಲ್ಲಿ ಬರಲಿಲ್ಲ. ಹೀಗೆ ಅಲೆಪ್ಪೋದಿಂದ ಪ್ಯಾರಿಸಿಗೆ, ಅಲ್ಲಿಂದ ಲೋಕವನ್ನೆಲ್ಲ ಸುತ್ತಿ ಬೆಂಗಳೂರಿಗೆ ಬಂದು ಕನ್ನಡ ಕಲಿತ ಅಲ್ಲಾದೀನ್ ಈಗ ನಮ್ಮ ಐವರಲ್ಲಿ ಒಬ್ಬರ ಬಳಿಯೂ ಇಲ್ಲ. ಮೇಷ್ಟ್ರು ಹದಿನೈದು ವರ್ಷದಿಂದ ಹುಡುಕುತ್ತಿದ್ದಾರೆ.

ನಾವು ಈ ವರ್ಷ ತಂದದ್ದು ‘ಮೀರಾಬಾಯಿ’, ಇಂಗ್ಲಿಷ್ ಪ್ರತಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮುನ್ನೂರು ರೂಪಾಯಿಗೆ ಸಿಕ್ಕಿದ್ದು. (ಮನೆಯಲ್ಲಿ ಮೂವತ್ತು ಎಂದಿದ್ದೇವೆ.) ಪುಸ್ತಕ ಅಪರೂಪವೇನಲ್ಲ, ಮರುಮುದ್ರಣಗಳು ಬೇಕಾದಷ್ಟಿವೆ. “ಇದೇನ್ ಸಾಹೇಬ್ರೇ, ಇಷ್ಟಕ್ಕೆ ಬಸ್ ಚಾರ್ಜ್ ಹಾಕ್ಕೊಂಡು ಬಂದ್ರಾ?” ಎಂದರು ಕೊಬ್ಬರಿ ವ್ಯಾಪಾರಿ. ನಾವು ಒಳಪುಟ ತೆರೆದು ತೋರಿಸಿದೆವು. ಕಥೆ ಕಮಲಾ ಚಂದ್ರಕಾಂತ್, ಚಿತ್ರಗಳು ಯೂಸುಫ್ ಲಿಯೆನ್. ಇವರಿಗೆ ಇನ್ನೊಂದು ಹೆಸರೂ ಇದೆ: ಯೂಸುಫ್ ಬ್ಯಾಂಗಲೋರ್‌ವಾಲಾ.

ಇದು ನಮಗೇಕೆ ಮುಖ್ಯ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಉರ್ದು ಶಾಲೆಯಲ್ಲಿ ಓದಿ ಐದನೇ ತರಗತಿಗೆ ಕನ್ನಡ ಶಾಲೆಗೆ ಬಂದ ನಮಗೆ, ಕನ್ನಡವನ್ನು ಸಲೀಸಾಗಿ ಓದಿಸಿದ್ದು ಈ ಚಿತ್ರಕಥೆಗಳೇ. ಅಕ್ಷರ ತಡವರಿಸಿದರೆ ಚಿತ್ರ ಕೈ ಹಿಡಿಯುತ್ತಿತ್ತು. ಒಂದು ದಿನ ಬೆಂಚಿನ ಕೆಳಗೆ ಶಿವಾಜಿಯ ಚಿತ್ರಕಥೆ ಕೈಯಿಂದ ಕೈಗೆ ಬಂತು. ಅಫ್ಜಲ್ ಖಾನನ ಚಿತ್ರದ ಮೇಲೆ ಬೆರಳಿಟ್ಟು ಪಕ್ಕದ ಹುಡುಗ ಕೇಳಿದ: “ಇವ್ನು ನಿಮ್ಮೋನಲ್ವೇನೋ?” ಅವನಿಗೆ ದುರುದ್ದೇಶವಿರಲಿಲ್ಲ. ಮುಖದ ಗಡ್ಡ, ತಲೆಯ ಪೇಟ ನೋಡಿ ಲೆಕ್ಕ ಹಾಕಿದ್ದ, ಅಷ್ಟೆ. ಆದರೆ ಅಲ್ಲಿಯವರೆಗೆ ನಾವು ಶಿವಾಜಿಯ ಕುದುರೆಯ ಹಿಂದೆಯೇ ಓಡುತ್ತಿದ್ದೆವು. ಆ ಪ್ರಶ್ನೆಯ ನಂತರ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಪುಸ್ತಕ ಮುಂದಿನ ಬೆಂಚಿಗೆ ದಾಟಿಸಿದೆವು.

ಆ ಮಾಲೆಯಲ್ಲಿ ಅಕ್ಬರ್, ಶೇರ್ ಶಾಹ್, ರಜಿಯಾ ಸುಲ್ತಾನಾ, ಚಾಂದ್ ಬೀಬಿ, ಕಬೀರ್ ಎಲ್ಲರೂ ಇದ್ದಾರೆ, ಗೌರವದಿಂದಲೇ ಇದ್ದಾರೆ. ಚಾಂದ್ ಬೀಬಿ ಬಿಜಾಪುರದ ಸೊಸೆ ಎಂಬ ಕಾರಣಕ್ಕೆ ನಮಗೆ ಇನ್ನಷ್ಟು ಹತ್ತಿರ. ಆದರೆ ರಜಪೂತ, ಮರಾಠ ವೀರರ ಕಥೆಗಳಲ್ಲಿ ಎದುರಾಳಿಯನ್ನು ಬರೆಯುವ ರೀತಿ ಬೇರೆಯೇ. ನಂದಿನಿ ಚಂದ್ರ 2008ರಲ್ಲಿ, ಅಮೆರಿಕದ ಕಾರ್ಲಿನ್ ಮೆಕ್‌ಲೇನ್ 2009ರಲ್ಲಿ ಈ ಮಾಲೆಯ ಬಗ್ಗೆ ದೊಡ್ಡ ಪುಸ್ತಕಗಳನ್ನೇ ಬರೆದರು. ಅವರು ವಿದ್ವತ್ತಿನ ಭಾಷೆಯಲ್ಲಿ ಚರ್ಚಿಸಿದ್ದರಲ್ಲಿ ಒಂದು ಭಾಗವನ್ನು ಆ ಬೆಂಚಿನ ಹುಡುಗ ಒಂದೇ ವಾಕ್ಯದಲ್ಲಿ ಕೇಳಿದ್ದ. ಅದೇ ಮಾಲೆಯಲ್ಲಿ ಕೃಷ್ಣನಿಗಾಗಿ ಹಂಬಲಿಸುವ ಮೀರೆಯ ಕಣ್ಣನ್ನು ಬರೆದದ್ದು ಯೂಸುಫ್ ಎಂದು ನಮಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಮೊದಲೇ ತಿಳಿದಿದ್ದರೆ ಆ ಹುಡುಗನಿಗೆ ಏನಾದರೂ ಹೇಳುತ್ತಿದ್ದೆವೇ? ಬಹುಶಃ ಇಲ್ಲ. ಆದರೆ ಪುಸ್ತಕವನ್ನು ಅಷ್ಟು ಬೇಗ ದಾಟಿಸುತ್ತಿರಲಿಲ್ಲ.

ಮೇಷ್ಟ್ರು ಆ ಪುಟವನ್ನು ಬಹಳ ಹೊತ್ತು ನೋಡಿ, “ಬನ್ನಿ” ಎಂದು ಎದ್ದು ನಮ್ಮನ್ನು ಗುಡಿಯ ಉತ್ತರದ ಗೋಡೆಗೆ ಕರೆದೊಯ್ದರು. ದಕ್ಷಿಣದ ಶಿಲ್ಪಗಳು ನಂದಿಯ ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಈ ಮಲ್ಲಿತಮ್ಮ ಸೋಮನಾಥಪುರದಲ್ಲೂ ತನ್ನ ಹೆಸರು ಕೊರೆದವನು. ಕಲ್ಲು ಕಡಿಯುವವನಿಗೂ ಹೆಸರು ಬರೆಯಲು ಬಿಟ್ಟ ಕಾಲ ಅದು. ಕನ್ನಡದ ಚಿತ್ರಕಥೆಗಳನ್ನು ಕೈಯಲ್ಲಿ ಹಿಡಿದಾಗ ನಮಗೆ ಕಾಡುವುದು ಇನ್ನೊಂದು ಕೈ. ಹಲವು ಭಾಷೆಗಳಲ್ಲಿ ಒಂದೇ ಚಿತ್ರ ಅಚ್ಚು ಹಾಕುವಾಗ ಬಣ್ಣದ ಪ್ಲೇಟುಗಳನ್ನು ಹಾಗೇ ಇಟ್ಟು, ಅಕ್ಷರವಿರುವ ಕಪ್ಪು ಪ್ಲೇಟನ್ನು ಮಾತ್ರ ಬದಲಿಸುವುದು ವಾಡಿಕೆ. ಇಂಗ್ಲಿಷಿಗೆಂದು ಬಿಟ್ಟ ಚಿಕ್ಕ ಗುಳ್ಳೆಯೊಳಗೆ ಒತ್ತಕ್ಷರ, ದೀರ್ಘಗಳ ಸಮೇತ ಕನ್ನಡವನ್ನು ತುರುಕಿದವರು ಯಾರು? ‘ಅಯ್ಯೋ’ ಎಂಬುದನ್ನು ಅಷ್ಟು ಚಂದವಾಗಿ ಬರೆದವರು ಯಾರು? ನಮ್ಮ ಐವರ ಬಳಿಯಿರುವ ಪ್ರತಿಗಳಲ್ಲಿ ಆ ಹೆಸರಿಲ್ಲ.

ಇಂಥ ಕನ್ನಡ ಪ್ರತಿಗಳು ಇಂದು ಇಂಗ್ಲಿಷಿನವಕ್ಕಿಂತ ಅಪರೂಪ. ಇಂಗ್ಲಿಷ್ ಪ್ರತಿಗಳು ನಗರಗಳ ಗಾಜಿನ ಕಪಾಟು ಸೇರಿದವು. ಕನ್ನಡದವು ಓದಿಸಿಕೊಂಡವು. ಕೈ ಬದಲಾದವು, ಬಾಡಿಗೆ ಲೈಬ್ರರಿಯಲ್ಲಿ ಸವೆದವು, ಪಿನ್ನು ತುಕ್ಕು ಹಿಡಿದು ನಡುಪುಟ ಕಳಚಿತು, ಶಾಲೆಯ ಪುಸ್ತಕಕ್ಕೆ ಹೊದಿಕೆಯಾದವು. ಉಳಿದದ್ದು ಗುಜರಿಗೆ ಹೋಯಿತು. ನಮ್ಮದೂ ಹಾಗೇ ಹೋಯಿತು. ಬಾಲಮಂಗಳದ ಡಿಂಗನಿಂದ ಹಿಡಿದು, ಭಾಯಿಜಾನ್ ಕೂಡಿಟ್ಟಿದ್ದ ದೆಹಲಿಯ ಉರ್ದು ‘ಖಿಲೌನಾ’ದವರೆಗೆ ಒಂದು ಟ್ರಂಕು ತುಂಬ ಇತ್ತು. ನಾವು ಹಾಸ್ಟೆಲಿನಲ್ಲಿದ್ದಾಗ ಅಮ್ಮಿ ಎಲ್ಲವನ್ನೂ ತೂಕಕ್ಕೆ ಹಾಕಿ, ಬಂದ ಹಣಕ್ಕೆ ಸ್ವಲ್ಪ ಸೇರಿಸಿ ಒಂದು ಸ್ಟೀಲ್ ಡಬರಿ ಕೊಂಡರು. ಹೊಸ ದೀಪಕ್ಕೆ ಹಳೆಯ ದೀಪ ಕೊಟ್ಟ ಅಲ್ಲಾದೀನನ ಹೆಂಡತಿಯ ಕಥೆ ಹೇಳಿದರೆ ಅಮ್ಮಿ ಇಂದಿಗೂ ನಗುತ್ತಾರೆ. ಡಬರಿ ಗಟ್ಟಿಯಾಗಿದೆ, ರಂಜಾನಿನಲ್ಲಿ ಗಂಜಿ ಅದರಲ್ಲೇ ಆಗುತ್ತದೆ.

ಆದರೆ ಗುಜರಿಯವರನ್ನು ದೂರಲು ನಮಗೆ ಮನಸ್ಸಿಲ್ಲ. ಐವರ ಸಂಗ್ರಹದ ಅರ್ಧದಷ್ಟು ಬಂದಿರುವುದು ಅಲ್ಲಿಂದಲೇ. ಹಾಸನದ ಬ್ಯಾಂಕ್ ಉದ್ಯೋಗಿ, ನಮ್ಮ ಗುಂಪಿನ ಏಕೈಕ ಹೆಣ್ಣುಮಗಳು, ಈ ವರ್ಷ ತಂದದ್ದು ಇಪ್ಪತ್ತೆರಡು ಬಾಲಮಂಗಳಗಳ ಕಟ್ಟು. ಗುಜರಿ ಅಂಗಡಿಯ ಚಾಚಾ ಒಬ್ಬರು ತಕ್ಕಡಿಗೆ ಹಾಕಿದ್ದನ್ನು ಇಳಿಸಿ, ಗೋಣಿಚೀಲದಡಿ ಎತ್ತಿಟ್ಟು ಅವರಿಗೆ ಹೇಳಿಕಳಿಸಿದ್ದರಂತೆ. ಓದಲು ಬಾರದ ಚಾಚಾ ಚಿತ್ರ ನೋಡಿಯೇ ಗುರುತು ಹಿಡಿಯುತ್ತಾರೆ. ತಿಪಟೂರಿನ ಗೆಳೆಯರು ಈ ಸಲ ಬರಿಗೈಯಲ್ಲಿ ಬಂದಿದ್ದರು, ಮಗಳ ಮದುವೆಯ ವರ್ಷ.

ಹಿಂದಿರುಗುವಾಗ ನಾವೂ ಮೇಷ್ಟ್ರೂ ಹಾಸನದಲ್ಲಿ ಇಳಿದು ಆ ಚಾಚಾನ ಅಂಗಡಿಗೆ ಹೋದೆವು. ಅಲ್ಲಾದೀನ್ ಬೇಕೆಂದೆವು. ದೀಪ, ಹೊಗೆ, ಹೊಗೆಯಿಂದ ಏಳುವ ದೊಡ್ಡ ಜಿನ್ ಎಂದು ಮೇಷ್ಟ್ರು ಬಾಲ್‌ಪೆನ್ನಿನಲ್ಲಿ ರಟ್ಟಿನ ಮೇಲೆ ಗೀಚಿ ಕೊಟ್ಟರು. ಚಾಚಾ ಅದನ್ನು ಗೋಡೆಯ ಮೊಳೆಗೆ ಚುಚ್ಚಿದರು. “ಸಿಕ್ಕಿದ್ರೆ ಫೋನ್ ಮಾಡ್ತೀನಿ ಮೇಷ್ಟ್ರೇ. ಆದ್ರೆ ಕೇಜಿ ಲೆಕ್ಕದಲ್ಲಿ ಕೊಡಲ್ಲ, ಈಗ್ಲೇ ಹೇಳಿದೀನಿ” ಎಂದು ನಕ್ಕರು.