ಓದದೆ ಬಿಟ್ಟಷ್ಟೂ ವೇಗ

ಮಾರಾಟದ ರಿಪೋರ್ಟ್ ತೆರೆಯಲು ತಡವಾದರೆ ಕಚೇರಿಗಳಲ್ಲಿ ಮೊದಲು ಏಳುವ ಬೇಡಿಕೆ ದೊಡ್ಡ ಸರ್ವರ್‌ನದು. ದತ್ತಾಂಶ ವಿಶ್ಲೇಷಣೆಯ ತಂತ್ರಾಂಶ ಬೆಳೆದುಬಂದ ದಾರಿಯಲ್ಲಿ ಆ ಬೇಡಿಕೆಗೆ ಹೆಚ್ಚಿನ ಆಧಾರ ಸಿಗುವುದಿಲ್ಲ. ಯಂತ್ರಗಳ ವೇಗ ಹೆಚ್ಚಿತು, ದತ್ತಾಂಶವೂ ಅದರ ಬೆನ್ನಿಗೇ ಬೆಳೆಯಿತು. ಉತ್ತರ ಬೇಗ ಬರುವಂತಾದದ್ದು ಮುಖ್ಯವಾಗಿ ಓದಬೇಕಾದ್ದನ್ನೇ ಕಡಿಮೆ ಮಾಡುವ ಉಪಾಯಗಳಿಂದ.

ತೊಡಕು ಇದ್ದದ್ದು ಡೇಟಾಬೇಸ್‌ನ ಜೋಡಣೆಯಲ್ಲೇ. ವಹಿವಾಟಿನ ಡೇಟಾಬೇಸ್ ಒಂದು ಬಿಲ್ಲಿನ ವಿವರವನ್ನೆಲ್ಲ ಒಂದೇ ಸಾಲಾಗಿ ಇಡುತ್ತದೆ. ಬಿಲ್ ಹಾಕುವವರಿಗೆ ಅದೇ ಅನುಕೂಲ. ಜಿಲ್ಲಾವಾರು ಮೊತ್ತ ಕೇಳುವವರಿಗೆ ಬೇಕಾದ್ದು ಎರಡೇ ಕಾಲಂ, ಆದರೂ ಗ್ರಾಹಕರ ವಿಳಾಸ, ಫೋನ್ ನಂಬರ್ ಸಮೇತ ಇಡೀ ಸಾಲುಗಳನ್ನು ಡಿಸ್ಕ್‌ನಿಂದ ಎತ್ತಬೇಕು. 1990ರ ದಶಕ ಕಂಡುಕೊಂಡ ದಾರಿಯೆಂದರೆ ಮೊತ್ತಗಳನ್ನು ಮೊದಲೇ ಕೂಡಿಟ್ಟುಕೊಳ್ಳುವುದು. ಎಸ್‌ಬೇಸ್‌ನಂಥ ತಂತ್ರಾಂಶಗಳು ಹೀಗೆ ಕಟ್ಟಿದ್ದೇ ಕ್ಯೂಬ್. ಸಂಬಂಧಾತ್ಮಕ ಡೇಟಾಬೇಸ್‌ನ ಮಾದರಿ ಕೊಟ್ಟ ಎಡ್ಗರ್ ಕಾಡ್ 1993ರಲ್ಲಿ ಈ ಬಗೆಯ ವಿಶ್ಲೇಷಣೆಗೆ ಓಲ್ಯಾಪ್ ಎಂಬ ಹೆಸರು ಚಾಲ್ತಿಗೆ ತಂದು 12 ನಿಯಮ ಬರೆದರು. ಆಯಾಮಗಳು, ಅಂದರೆ ಜಿಲ್ಲೆ, ತಿಂಗಳಿನಂಥ ವಿಂಗಡಣೆಗಳು, ಹೆಚ್ಚಿದರೂ ರಿಪೋರ್ಟಿನ ವೇಗ ಕುಸಿಯಬಾರದು ಎಂಬುದು ಅವುಗಳಲ್ಲೊಂದು. 1995ರಲ್ಲಿ ಉದ್ಯಮ ವಿಶ್ಲೇಷಕ ನೈಜೆಲ್ ಪೆಂಡ್ಸ್ ಅದಕ್ಕೆ ಅಂಕಿ ಕೊಟ್ಟರು: ಹೆಚ್ಚಿನ ಉತ್ತರಗಳು ಸುಮಾರು 5 ಸೆಕೆಂಡಿನಲ್ಲಿ ಬರಬೇಕು, 20 ಸೆಕೆಂಡ್ ದಾಟುವುದು ಅಪರೂಪವಾಗಿರಬೇಕು. ಬಳಸುವವರ ತಾಳ್ಮೆಯನ್ನೇ ಅಳತೆಯಾಗಿಟ್ಟ ಈ ಮಾತನ್ನು ಇಂದಿನ ಡ್ಯಾಶ್‌ಬೋರ್ಡ್ ತಯಾರಕರೂ ಗೋಡೆಗೆ ಅಂಟಿಸಿಕೊಳ್ಳಬೇಕು.

ಆದರೆ 10 ಆಯಾಮಗಳಿದ್ದರೆ ಅವನ್ನು ಕೂಡಿಸುವ ಬಗೆ 1,024. ಎಲ್ಲದರ ಮೊತ್ತವನ್ನೂ ಮಾಡಿಡಲು ಜಾಗವೂ ಸಾಲದು, ರಾತ್ರಿಯೂ ಸಾಲದು. ಯಾವುದನ್ನು ಬಿಡಬಹುದು? ಸ್ಟ್ಯಾನ್‌ಫರ್ಡ್‌ನಲ್ಲಿ ವೆಂಕಿ ಹರಿನಾರಾಯಣ್, ಆನಂದ್ ರಾಜಾರಾಮನ್, ಜೆಫ್ರಿ ಉಲ್ಮನ್ 1996ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಪ್ರತಿ ಹಂತದಲ್ಲೂ ಅತಿ ಹೆಚ್ಚು ಲಾಭದ ಮೊತ್ತವನ್ನು ಆರಿಸುತ್ತ ಹೋದರೆ ಗರಿಷ್ಠ ಲಾಭದ ಕನಿಷ್ಠ ಶೇ. 63ರಷ್ಟಾದರೂ ದಕ್ಕುತ್ತದೆ ಎಂದು ಅವರು ಸಾಧಿಸಿ ತೋರಿಸಿದರು.

ಇಷ್ಟಾದರೂ ಮೊದಲೇ ಊಹಿಸದ ಪ್ರಶ್ನೆ ಬಂದರೆ ಕ್ಯೂಬ್ ತಡವರಿಸುತ್ತಿತ್ತು. ಚಿತ್ರ ಬದಲಾದದ್ದು ಜೋಡಣೆಯನ್ನೇ ತಿರುಗಿಸಿದ ಮೇಲೆ. ಸಾಲಿನ ಬದಲು ಒಂದೊಂದು ಕಾಲಂ ಅನ್ನೇ ಬೇರೆಯಾಗಿ ಇಡುವ ವಿಚಾರ 1985ರಲ್ಲೇ ಮಂಡನೆಯಾಗಿತ್ತು. ಅದು ಬೇರೂರಲು ಎರಡು ದಶಕ ಹಿಡಿಯಿತು. 2005ರಲ್ಲಿ ಅಮೆರಿಕದಿಂದ ಮೈಕೆಲ್ ಸ್ಟೋನ್‌ಬ್ರೇಕರ್ ತಂಡದ ಸಿ-ಸ್ಟೋರ್, ಆಮ್‌ಸ್ಟರ್‌ಡ್ಯಾಮ್‌ನಿಂದ ಮೊನೆಟ್‌ಡಿಬಿಯ ಎಕ್ಸ್100 ಎಂಜಿನ್ ಹೊರಬಂದವು.

ಕಾಲಂ ಜೋಡಣೆಯ ಹುರುಳು ತಿಳಿಯಲು ನಮ್ಮ ಜಿಲ್ಲೆಗಳೇ ಸಾಕು. ‘ಚಿಕ್ಕಬಳ್ಳಾಪುರ’ ಎಂಬ ಹೆಸರಿಗೆ ಯುಟಿಎಫ್-8 ಕ್ರಮದಲ್ಲಿ 39 ಬೈಟ್, ಅಂದರೆ 312 ಬಿಟ್ ಬೇಕು. ಕರ್ನಾಟಕದ ಜಿಲ್ಲೆಗಳು 31. ಹೆಸರುಗಳನ್ನು ಒಂದೇ ಸಲ ಪಟ್ಟಿಮಾಡಿ ಪ್ರತಿ ಜಿಲ್ಲೆಗೂ ಒಂದು ಸಂಖ್ಯೆ ಕೊಟ್ಟರೆ ಮಾರಾಟದ ಸಾಲೊಂದಕ್ಕೆ 5 ಬಿಟ್ ಸಾಕು, ಏಕೆಂದರೆ ಅಷ್ಟರಲ್ಲಿ 32 ಸಂಖ್ಯೆಗಳು ಹಿಡಿಸುತ್ತವೆ. ಸಾಲುಗಳು ಜಿಲ್ಲೆಯ ಕ್ರಮದಲ್ಲೇ ಇದ್ದರೆ ಅದೂ ಬೇಡ. ‘ಈ ಸಂಖ್ಯೆ ಇಷ್ಟು ಸಾಲು’ ಎಂದು ಬರೆದರೆ ಮುಗಿಯಿತು. ಹೀಗೆ ಕುಗ್ಗಿದ ದತ್ತಾಂಶವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳಬಹುದು. ಎಕ್ಸೆಲ್ 2010ರ ಜೊತೆ ಬಂದ ಪವರ್‌ಪಿವಟ್ ಈ ತತ್ವವನ್ನು ಲೆಕ್ಕಪತ್ರ ವಿಭಾಗದ ಮೇಜಿಗೆ ತಂದಿತು. ಅದರ ವರ್ಟಿಪ್ಯಾಕ್ ಎಂಜಿನ್ನೇ ಮುಂದೆ ಪವರ್ ಬಿಐಗೂ ಬಂತು.

ಎಂಜಿನ್ ಎಷ್ಟೇ ಚುರುಕಾಗಿರಲಿ, ಮಾದರಿ ಕಟ್ಟುವವರು ಅದನ್ನು ಕೆಡಿಸಬಲ್ಲರು. ಬಿಲ್ಲಿನ ದಿನಾಂಕ ಮತ್ತು ವೇಳೆಯನ್ನು ಸೆಕೆಂಡ್ ಸಹಿತ ಒಂದೇ ಕಾಲಂನಲ್ಲಿ ಇಟ್ಟರೆ ವರ್ಷವೊಂದಕ್ಕೆ 3,15,36,000 ಬೇರೆ ಬೇರೆ ಮೌಲ್ಯಗಳು ಬರಬಹುದು. ಸಂಖ್ಯೆ ಕೊಡುವ ಪಟ್ಟಿಯೇ ಊದಿಕೊಳ್ಳುತ್ತದೆ. ದಿನಾಂಕಕ್ಕೊಂದು, ವೇಳೆಗೊಂದು ಕಾಲಂ ಮಾಡಿದರೆ 365 ಮತ್ತು 86,400 ಮಾತ್ರ. ರಿಪೋರ್ಟಿನಲ್ಲಿ ವೇಳೆ ಬೇಡವೇ ಬೇಡ ಎಂದಾದರೆ ಆ ಕಾಲಂ ತೆಗೆದುಹಾಕುವುದೇ ಲೇಸು. ಹೊಸ ಸರ್ವರ್‌ಗೆ ಬೇಡಿಕೆಪತ್ರ ಬರೆಯುವ ಮೊದಲು ಇಷ್ಟನ್ನಾದರೂ ನೋಡಬೇಕು.

ಇನ್ನೂ ಪೂರ್ತಿ ಪಳಗದ ಭಾಗವೆಂದರೆ ಅಂದಾಜು. ಯಾವ ಟೇಬಲ್ಲನ್ನು ಮೊದಲು ಓದಿದರೆ ಉಳಿದವುಗಳಲ್ಲಿ ಹೆಚ್ಚು ಸಾಲುಗಳನ್ನು ಬಿಟ್ಟುಬಿಡಬಹುದು ಎಂದು ಡೇಟಾಬೇಸ್ ಕೆಲಸಕ್ಕೆ ಇಳಿಯುವ ಮೊದಲೇ ತೀರ್ಮಾನಿಸಬೇಕು. ಖರ್ಚಿನ ಲೆಕ್ಕ ಹಾಕಿ ಹೀಗೆ ಆರಿಸುವ ವಿಧಾನವನ್ನು ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ತಂಡ 1979ರಲ್ಲಿ ಕೊಟ್ಟಿತು. ಅಂದಾಜು ತಪ್ಪಿದರೆ ಮಾತ್ರ ನಿಮಿಷದ ಕೆಲಸ ಗಂಟೆ ಹಿಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ್ ಹರಿತ್ಸ ಅವರ ತಂಡ 2014ರಲ್ಲಿ ಮಂಡಿಸಿದ ‘ಪ್ಲಾನ್ ಬೊಕೆ’ ವಿಧಾನ ನಂಬಲಾಗದ ಅಂದಾಜನ್ನು ಕೈಬಿಟ್ಟೇ ಹೊರಡುತ್ತದೆ. ಖರ್ಚಿಗೆ ಸಣ್ಣ ಮಿತಿ ಹಾಕಿ, ಟೇಬಲ್‌ಗಳನ್ನು ಓದುವ ಒಂದು ಯೋಜನೆಯನ್ನು ನಡೆಸಿ ನೋಡುವುದು, ಮುಗಿಯದಿದ್ದರೆ ಮಿತಿಯನ್ನು ಇಮ್ಮಡಿ ಮಾಡಿ ಮುಂದಿನದನ್ನು ಹಿಡಿಯುವುದು. ಎಷ್ಟು ಸಾಲು ಸಿಗುತ್ತವೆಂದು ಮೊದಲೇ ತಿಳಿಯದ ಅನಿಶ್ಚಿತ ಅಂಶ ಒಂದೇ ಇದ್ದರೆ ಒಟ್ಟು ಖರ್ಚು ಅತ್ಯುತ್ತಮ ಯೋಜನೆಯ 4 ಪಟ್ಟನ್ನು ಮೀರದು ಎಂಬ ಖಾತರಿ ಇದಕ್ಕಿದೆ. 2016ರಲ್ಲಿ ಅವರ ಬಳಗವೇ ಮುಂದಿಟ್ಟ ಇನ್ನೊಂದು ವಿಧಾನ ಎರಡು ಅಂಶಗಳಿಗೆ 10 ಪಟ್ಟು, ಮೂರಕ್ಕೆ 18 ಪಟ್ಟು ಎಂದು ಮಿತಿ ಹಾಕಿತು. ಮಾರಾಟದ ಸಾಮಾನ್ಯ ರಿಪೋರ್ಟೇ ನಾಲ್ಕೈದು ಟೇಬಲ್‌ಗಳನ್ನು ಜೋಡಿಸುತ್ತದೆ. ಅಂಥ ಪ್ರತಿ ಜೋಡಣೆಯೂ ಒಂದು ಅನಿಶ್ಚಿತ ಅಂಶವಾಗಬಹುದು, ಹಾಗಾಗಿ ಈ ಅಂಕಿಗಳು ಇನ್ನಷ್ಟು ಇಳಿಯಬೇಕು.