ಅಧ್ಯಕ್ಷ ಪೀಠದಿಂದ ಮೇಯರ್ ಪದವಿಗೆ: ಬೆಂಗಳೂರಿನ ನಗರಾಡಳಿತ ಮತ್ತು ಕೋಲಾರ ಸೀಮೆ

1914ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಊರುಗಳ ಪುರಸಭೆಗಳಿಗೆ ಬಹುಮಟ್ಟಿಗೆ ಸರ್ಕಾರಿ ಅಧಿಕಾರಿಗಳೇ ಅಧ್ಯಕ್ಷರಾಗಿದ್ದರು. ಜಿಲ್ಲೆಯ ಅಥವಾ ತಾಲ್ಲೂಕಿನ ಆಡಳಿತ ನಡೆಸುವವನೇ ಪದನಿಮಿತ್ತವಾಗಿ, ಅಂದರೆ ತನ್ನ ಹುದ್ದೆಯ ಬಲದಿಂದಲೇ, ಊರಿನ ಚರಂಡಿ, ದೀಪ, ಸಂತೆಗಳ ಹೊಣೆಯನ್ನೂ ಹೊರುತ್ತಿದ್ದನು. ಈ ಪದ್ಧತಿ ಸಡಿಲಗೊಂಡು ನಗರಕ್ಕೆ ತನ್ನದೇ ಮುಖ್ಯಸ್ಥನೊಬ್ಬ ದೊರೆತ ಇತಿಹಾಸದ ಎರಡು ಮುಖ್ಯ ಘಟ್ಟಗಳಲ್ಲಿ ಸರ್ಕಾರದ ಚುಕ್ಕಾಣಿ ಕೋಲಾರ ಸೀಮೆಯವರ ಕೈಯಲ್ಲಿತ್ತು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಬೆಂಗಳೂರಿನ ಪೇಟೆಗೆ 1862ರಲ್ಲಿ ಮೊದಲ ಪುರಸಭಾ ಮಂಡಳಿ ರಚನೆಯಾಯಿತು. ಅದೇ ವರ್ಷ ದಂಡುಪ್ರದೇಶಕ್ಕೂ ಪ್ರತ್ಯೇಕ ಮಂಡಳಿ ಬಂದಿತು. 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದರೂ ದಂಡುಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿದದ್ದರಿಂದ, ಒಂದೇ ಊರಿನಂತೆ ಕಾಣುತ್ತಿದ್ದ ನಗರವು ಎರಡು ಪ್ರಭುತ್ವಗಳಿಗೆ ತೆರಿಗೆ ಕಟ್ಟುತ್ತ ಎರಡು ಬೇರೆ ಕಾನೂನುಗಳಡಿ ಬೆಳೆಯಿತು. ಪೇಟೆಯ ಪುರಸಭೆಗೆ ಅಧಿಕಾರಿಯಲ್ಲದ ಗೌರವ ಅಧ್ಯಕ್ಷರೊಬ್ಬರು ಇರಬೇಕೆಂಬ ಏರ್ಪಾಡು ಜಾರಿಗೆ ಬಂದದ್ದು 1913ರಲ್ಲಿ. ಆಗ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಆ ಊರು ಅಂದು ಕೋಲಾರ ಜಿಲ್ಲೆಯಲ್ಲಿತ್ತು.

ಗೌರವ ಅಧ್ಯಕ್ಷರ ಪೀಠವನ್ನು ಮೊದಲು ಏರಿದವರು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರು. 1856ರಲ್ಲಿ ಜನಿಸಿದ ಅವರು ಸಂಸ್ಥಾನದ ಕಂದಾಯ ಆಡಳಿತದಲ್ಲಿ ಡೆಪ್ಯುಟಿ ಕಮಿಷನರ್ ಹುದ್ದೆಯವರೆಗೆ ಏರಿ, ದಿವಾನರ ಮಂಡಳಿಯ ಸದಸ್ಯರೂ ಆಗಿ ನಿವೃತ್ತರಾದ ಬಳಿಕ ಪುರಸಭೆಯ ಹೊಣೆ ಹೊತ್ತು, 1920ರವರೆಗೆ ಸತತ ಏಳು ವರ್ಷ ಅದನ್ನು ನಿರ್ವಹಿಸಿದರು. 1918ರ ಇನ್‌ಫ್ಲುಯೆಂಜಾ ಪಿಡುಗು ನಗರಕ್ಕೆ ನುಗ್ಗಿದ್ದು ಅವರ ಅವಧಿಯಲ್ಲೇ. ವೈದ್ಯರ ಸಂಖ್ಯೆ ರೋಗಿಗಳ ಸಂಖ್ಯೆಗೆ ಏನೇನೂ ಸಾಲದಿದ್ದ ಆ ದಿನಗಳಲ್ಲಿ ಸ್ವಯಂಸೇವಕರು ಕೇರಿಕೇರಿಗೆ ಹೋಗಿ ಔಷಧ ಹಂಚುವುದು, ಹಾಸಿಗೆ ಹಿಡಿದ ಬಡವರಿಗೆ ಗಂಜಿ ಒದಗಿಸುವುದು ಮುಂತಾದ ಪರಿಹಾರ ಕಾರ್ಯಗಳು ನಡೆದವು. ಕಡತ ನೋಡಿ ಬಲ್ಲ ಅನುಭವಿಯೊಬ್ಬರು ಐದಾರು ವರ್ಷಗಳಿಂದ ಅದೇ ಪೀಠದಲ್ಲಿದ್ದದ್ದು ಇಂಥ ವೇಳೆಯಲ್ಲಿ ನಗರದ ಪುಣ್ಯವೆಂದೇ ಹೇಳಬೇಕು. 1925ರಲ್ಲಿ ಅವರಿಗೆ ಸರ್ ಪದವಿ ಬಂದಿತು. 1935ರಲ್ಲಿ ತೆರೆದ ಬೆಂಗಳೂರಿನ ಪುರಭವನಕ್ಕೆ ಅವರ ಹೆಸರನ್ನೇ ಇಡಲಾಯಿತು. 1938ರಲ್ಲಿ ಅವರು ತೀರಿಕೊಂಡರು. ಮೇಯರ್ ಎಂಬ ಬಿರುದು ಅವರಿಗೆ ಇರಲಿಲ್ಲವಾದರೂ, ಮುಂದೆ ಆ ಬಿರುದು ಧರಿಸಿದ ಎಷ್ಟೋ ಮಂದಿಗೆ ದೊರೆಯದ ಕಾಲಾವಕಾಶ ಅವರಿಗಿತ್ತು. ಅವರ ಅವಧಿ ಮುಗಿದ 1920ರಲ್ಲೇ ಅಧ್ಯಕ್ಷ ಸ್ಥಾನವು ಚುನಾಯಿತ ಸ್ಥಾನವಾಯಿತು. ಮುಂದೆ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ 1940ರ ದಶಕದ ಆರಂಭದಲ್ಲಿ ಅದೇ ಪೀಠದಲ್ಲಿ ಕುಳಿತಿದ್ದರು.

ಎರಡನೆಯ ಘಟ್ಟ ಸ್ವಾತಂತ್ರ್ಯದೊಂದಿಗೆ ಬಂದಿತು. 1947ರ ಜುಲೈನಲ್ಲಿ ದಂಡುಪ್ರದೇಶವು ಮೈಸೂರಿಗೆ ಮರಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಅವರ ಸರ್ಕಾರದ ಕಾಲದಲ್ಲಿ 1949ರ ಡಿಸೆಂಬರ್ 8ರಂದು ಎರಡೂ ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಸ್ಥಾಪನೆಯಾಯಿತು, ಆರ್. ಸುಬ್ಬಣ್ಣನವರು ಅದರ ಮೊದಲ ಮೇಯರ್ ಆದರು. ಹಲವು ದಶಕಗಳ ಇಬ್ಭಾಗ ಕೊನೆಗೊಂಡದ್ದು ಸಣ್ಣ ಸಾಧನೆಯಲ್ಲ. ಆದರೆ ಹೊಸ ವ್ಯವಸ್ಥೆಯಲ್ಲಿ ಮೇಯರ್ ಎಂದರೆ ಸದಸ್ಯರು ತಮ್ಮೊಳಗೆ ಒಂದು ವರ್ಷಕ್ಕೆ ಆರಿಸಿಕೊಳ್ಳುವ ಸಭಾಧ್ಯಕ್ಷ. ನಗರದ ಪ್ರಥಮ ಪ್ರಜೆಯೆಂಬ ಗೌರವ ಅವರದು. ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸುವ ಕಮಿಷನರರದು. ಮುಂಬಯಿಯಲ್ಲಿ 1888ರ ಕಾಯಿದೆಯಿಂದ ರೂಢಿಗೆ ಬಂದ ಈ ಹಂಚಿಕೆಯಲ್ಲಿ ಚುನಾಯಿತರ ಕೈಗೆ ಚರ್ಚೆಯೂ ಅಧಿಕಾರಿಯ ಕೈಗೆ ಖಜಾನೆಯ ಕೀಲಿಯೂ ಸೇರಿದವು.

ಅಳಿದುಳಿದ ಅಧಿಕಾರವೂ ಕ್ರಮೇಣ ಸರಿದುಹೋಯಿತು. ಹೊಸ ಬಡಾವಣೆಗಳ ಕೆಲಸ 1945ರಲ್ಲೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಗೆ ಸೇರಿದ್ದು, 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ನೀರು ಮತ್ತು ಒಳಚರಂಡಿ 1964ರಲ್ಲಿ ಜಲಮಂಡಳಿಯ ಪಾಲಾದವು. ಕಾವೇರಿ ನೀರಿನ ಮೊದಲ ಹಂತ 1974ರಲ್ಲಿ ನಗರವನ್ನು ಮುಟ್ಟುವ ಹೊತ್ತಿಗೆ, ಇಷ್ಟು ದೊಡ್ಡ ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಕಾಣುವುದು ವರ್ಷಾವಧಿಯ ಯಾವ ಮೇಯರಿಗೂ ಸಾಧ್ಯವಿರಲಿಲ್ಲ. ವ್ಯಕ್ತಿಗಳ ಯೋಗ್ಯತೆಗಿಂತ ಅವಧಿಯ ಕಿರಿದುತನವೇ ಈ ಪದವಿಯನ್ನು ಬಡವಾಗಿಸಿತೆಂಬುದು ದಾಖಲೆಗಳಿಂದ ಹೊಮ್ಮುವ ತೀರ್ಮಾನ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. 2025ರಲ್ಲಿ ಪಾಲಿಕೆಯು ಐದು ನಗರಪಾಲಿಕೆಗಳಾಗಿ ಒಡೆಯಿತು.

ಮೇಯರ್ ಪದವಿ ಹೀಗೆ ಬಡವಾದದ್ದರ ಪರಿಣಾಮ ಕೋಲಾರಕ್ಕೂ ತಟ್ಟುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಕೋಲಾರ ಜಿಲ್ಲೆಯ 126 ಕೆರೆಗಳಿಗೆ ಹರಿಸುವ ಗುರಿಯ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರಲ್ಲಿ ಜಿಲ್ಲೆಯನ್ನು ಮುಟ್ಟಿದಾಗ, ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ರೈತರ ಬೇಡಿಕೆಗೆ ಉತ್ತರಿಸಬೇಕಾದದ್ದು ಜಲಮಂಡಳಿ ಮತ್ತು ಸಣ್ಣ ನೀರಾವರಿ ಇಲಾಖೆ. ಆ ಕೊಳಚೆಯನ್ನು ಹೊರಹಾಕುವ ನಗರದ ಮೇಯರಿಗೆ ಅದರಲ್ಲಿ ಯಾವ ಅಧಿಕಾರವೂ ಇರಲಿಲ್ಲ.